ಡೇಟ್‌ಬಾರ್: ಅಂಗಡಿಯ ಗಲ್ಲಾದಿಂದ ಒಲೆಯವರೆಗೆ ಕಲಿತದ್ದು

ಶಿವಮೊಗ್ಗದಲ್ಲಿ ನಮ್ಮದೊಂದು ದಿನಸಿ ಅಂಗಡಿ. ರಸ್ತೆ ಕಡೆಗೆ ಅಂಗಡಿ, ಹಿಂದುಗಡೆ ಮನೆ, ನಡುವೆ ಒಂದು ಪರದೆ. ಸಾರಿಗೆ ಬೇಳೆ ಇಟ್ಟು ಬಂದು ಗಲ್ಲಾದಲ್ಲಿ ಕೂರುತ್ತೇನೆ, ಕುಕ್ಕರ್ ಕೂಗಿದರೆ ಒಳಗೆ ಓಡುತ್ತೇನೆ. ಹೀಗಾಗಿ ಒಂದೇ ಪೊಟ್ಟಣವನ್ನು ಮಾರುವವಳಾಗಿಯೂ ನೋಡಿದ್ದೇನೆ, ಬಳಸುವವಳಾಗಿಯೂ ನೋಡಿದ್ದೇನೆ.

“ಅಕ್ಕಾ, ಮನೇಲಿ ಇದೊಂದು ಡೇಟ್‌ಬಾರ್ ಆಗಿಬಿಟ್ಟಿದೆ. ಎಸೆಯೋದಾ, ಬಳಸೋದಾ?” ಎಂದು ಕೇಳುವವರು ದಿನವೂ ಒಬ್ಬರಾದರೂ ಇರುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ನಾನು ಕಂಡಂತೆ ನಮ್ಮ ಮನೆಗಳಲ್ಲಿ ಭಯ ಇರಬೇಕಾದ ಕಡೆ ಇಲ್ಲ, ಬೇಡದ ಕಡೆ ವಿಪರೀತ ಇದೆ. ತಾರೀಖು ದಾಟಿತೆಂದು ಒಳ್ಳೆಯ ಉಪ್ಪನ್ನು ಕಸಕ್ಕೆ ಹಾಕುವ ಮನೆಯಲ್ಲೇ ಮಧ್ಯಾಹ್ನದ ಅನ್ನ ರಾತ್ರಿ ಊಟದವರೆಗೂ ಅಡುಗೆ ಕಟ್ಟೆಯ ಮೇಲೆ ಕೂತಿರುತ್ತದೆ. ಆ ಅನ್ನಕ್ಕೆ ಯಾರೂ ಡೇಟು ಹಾಕಿರುವುದಿಲ್ಲವಲ್ಲ.

1. ಮೊದಲು ಪದಾರ್ಥ ನೋಡಿ, ಆಮೇಲೆ ತಾರೀಖು ನೋಡಿ

ಪೊಟ್ಟಣದ ಮೇಲೆ ಎರಡು ಬಗೆಯ ತಾರೀಖು ಇರಬಹುದು. ‘ಬೆಸ್ಟ್ ಬಿಫೋರ್’ ಅಂದರೆ ಆ ದಿನದವರೆಗೆ ರುಚಿ, ಪರಿಮಳ, ಗರಿಗರಿ ಎಲ್ಲ ಚೆನ್ನಾಗಿರುತ್ತದೆ ಎಂದು ತಯಾರಕರು ಕೊಡುವ ಭರವಸೆ. ಅದು ದಾಟಿದರೆ ಗುಣ ಸ್ವಲ್ಪ ಇಳಿದಿರಬಹುದು, ತಿಂದರೆ ಕಾಯಿಲೆ ಬರುತ್ತದೆ ಎಂದೇನೂ ಅಲ್ಲ. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಹಾಗಲ್ಲ. ಆ ದಿನ ಕಳೆದ ಮೇಲೆ ಗುಣಕ್ಕೂ ಸುರಕ್ಷತೆಗೂ ತಯಾರಕರು ಹೊಣೆಯಲ್ಲ, ಅಂಗಡಿಯವರು ಅದನ್ನು ಮಾರುವಂತೆಯೂ ಇಲ್ಲ.

ಇಷ್ಟೇ ಆಗಿದ್ದರೆ ಸುಲಭವಿತ್ತು. ಆದರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲಿ ತಂದ ಲೇಬಲ್ ನಿಯಮದ ಪ್ರಕಾರ ತಯಾರಿಸಿದ ಇಲ್ಲವೇ ಪ್ಯಾಕ್ ಮಾಡಿದ ದಿನ ಮತ್ತು ಎಕ್ಸ್‌ಪೈರಿ ಎರಡೂ ಕಡ್ಡಾಯ. ಬೆಸ್ಟ್ ಬಿಫೋರ್ ಬೇಕಿದ್ದರೆ ಹಾಕಿಕೊಳ್ಳಬಹುದು. ಸಕ್ಕರೆ, ವಿನೆಗರ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹೀಗಾಗಿ ಪನೀರಿನ ಮೇಲೂ ‘ಎಕ್ಸ್‌ಪೈರಿ’, ಒಣ ಶಾವಿಗೆಯ ಮೇಲೂ ‘ಎಕ್ಸ್‌ಪೈರಿ’. ಅಕ್ಷರ ಎರಡರಲ್ಲೂ ಒಂದೇ, ಆದರೆ ಪನೀರಿನ ಮಾತನ್ನು ಚಾಚೂ ತಪ್ಪದೆ ಕೇಳಬೇಕು, ಶಾವಿಗೆಯದಕ್ಕೆ ಅಷ್ಟು ಹೆದರಬೇಕಾಗಿಲ್ಲ. ಮಾರುವವಳಾಗಿ ಎರಡನ್ನೂ ತಾರೀಖಿಗೆ ಮುಂಚೆಯೇ ರ್ಯಾಕಿನಿಂದ ತೆಗೆಯುತ್ತೇನೆ, ಅದು ಕಾನೂನು. ಮನೆಯ ಕಪಾಟಿನ ಮುಂದೆ ನಿಂತಾಗ ಮಾತ್ರ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಇದರಲ್ಲಿ ನೀರು ಎಷ್ಟಿದೆ? ಹಾಲು, ಮಾಂಸ, ಮೊಟ್ಟೆ ಇದೆಯೇ? ಉಪ್ಪು, ಹುಳಿ, ಸಕ್ಕರೆ ಕಾಯುತ್ತಿವೆಯೇ? ತೇವ ಹೆಚ್ಚಿದ್ದು ಹುಳಿ-ಉಪ್ಪು ಕಡಿಮೆ ಇದ್ದರೆ ಒಂದು ದಿನದ ರಿಯಾಯಿತಿಯೂ ಇಲ್ಲ.

ಉಪ್ಪಿನ ಪೊಟ್ಟಣಕ್ಕೂ ಡೇಟು ಯಾಕೆ ಎಂದು ನಗುವವರಿದ್ದಾರೆ. ಉಪ್ಪು ಕೆಡುವುದಿಲ್ಲ ನಿಜ. ಅದಕ್ಕೆ ಬೆರೆಸಿದ ಅಯೋಡಿನ್ ತೇವಕ್ಕೂ ಗಾಳಿಗೂ ಮೆಲ್ಲಗೆ ಕಡಿಮೆಯಾಗುತ್ತದೆ. ಹಳೆಯ ಉಪ್ಪು ಉಪ್ಪಿನಕಾಯಿಗಂತೂ ಆದೀತು.

2. ಕತ್ತರಿ ಹಾಕಿದ ಮೇಲೆ ಆ ತಾರೀಖು ನಿಮ್ಮದಲ್ಲ

ಗಿರಾಕಿಗಳಿಗೆ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತು ಇದು. ಅಚ್ಚಾದ ತಾರೀಖು ಮುಚ್ಚಿದ ಪೊಟ್ಟಣಕ್ಕೆ ಮಾತ್ರ. ತೆರೆದ ಕ್ಷಣಕ್ಕೆ ಬೇರೆ ಲೆಕ್ಕ ಶುರು.

ಟೆಟ್ರಾ ಪೊಟ್ಟಣದ ಹಾಲನ್ನೇ ತೆಗೆದುಕೊಳ್ಳಿ. ಅದನ್ನು 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ಕಾಯಿಸಿ, ರೋಗಾಣು ಸೋಕದಂತೆ ತುಂಬಿರುತ್ತಾರೆ. ಹಾಗಾಗಿ ತೆರೆಯದೆ ಇಟ್ಟರೆ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಇರುತ್ತದೆ. ಮೂಲೆ ಕತ್ತರಿಸಿದ ಮೇಲೆ ಅದೂ ಮಾಮೂಲು ಹಾಲೇ. ಫ್ರಿಜ್‌ನಲ್ಲಿಟ್ಟು ಎರಡು ದಿನದಲ್ಲಿ ಮುಗಿಸಬೇಕು. “ಇನ್ನೂ ಮೂರು ತಿಂಗಳು ಡೇಟ್ ಇದೆಯಲ್ಲ” ಎಂದು ಅರ್ಧ ಪೊಟ್ಟಣಕ್ಕೆ ಕ್ಲಿಪ್ ಹಾಕಿ ಒಲೆ ಪಕ್ಕ ಇಡುವವರನ್ನು ನೋಡಿದ್ದೇನೆ. ಪೊಟ್ಟಣದ ತೆಂಗಿನಹಾಲು, ಟೊಮೆಟೊ ಪ್ಯೂರಿ, ಹಣ್ಣಿನ ರಸಕ್ಕೂ ಇದೇ ಮಾತು. ತೆರೆದ ಮೇಲೆ ಎಷ್ಟು ದಿನ ಎಂಬುದು ಪೊಟ್ಟಣದ ಬದಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕತ್ತರಿಸುವ ಮುಂಚೆ ಓದಿ. ಎಷ್ಟೋ ಸಲ ಕತ್ತರಿಸಿ ಬಿಸಾಕುವ ತುದಿಯಲ್ಲೇ ಆ ಸಾಲಿರುತ್ತದೆ.

ನಮ್ಮ ಅಡುಗೆಮನೆಯಲ್ಲಿ ಮಸಾಲೆ ಡಬ್ಬಿಯ ಪಕ್ಕದಲ್ಲೇ ಒಂದು ಮಾರ್ಕರ್ ಪೆನ್ನು, ಒಂದು ಕಾಗದದ ಟೇಪಿನ ಸುರುಳಿ ಇವೆ. ಏನೇ ತೆರೆದರೂ ತೆರೆದ ದಿನ ಬರೆಯುವುದು. ಸಾಸ್ ಬಾಟಲಿ, ಬೆಣ್ಣೆ, ಚೀಸ್, ತುಪ್ಪದ ಡಬ್ಬಿ, ಎಲ್ಲಕ್ಕೂ. ಪೊಟ್ಟಣದಿಂದ ಸ್ಟೀಲ್ ಡಬ್ಬಿಗೆ ಸುರಿದುಕೊಳ್ಳುವ ರೂಢಿಯವರು ಡೇಟು ಇರುವ ಚೂರನ್ನು ಕತ್ತರಿಸಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ. ಹೊಳೆಯುವ ಡಬ್ಬಿಯೊಳಗಿನ ಹಿಟ್ಟು ಯಾವ ಕಾಲದ್ದೆಂದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಹಳೆಯದರ ಮೇಲೇ ಹೊಸದನ್ನು ಸುರಿಯುವುದಂತೂ ಬೇಡವೇ ಬೇಡ. ತಳದಲ್ಲಿ ಉಳಿದ ಒಂದು ಹಿಡಿಯೊಳಗೆ ಹುಳ ಇದ್ದರೆ ಹೊಸ ಎರಡು ಕಿಲೋಗೂ ಹೋಯಿತು.

3. ಪೊಟ್ಟಣಕ್ಕೆ ನಿಮ್ಮ ಊರಿನ ಹವೆ ಗೊತ್ತಿಲ್ಲ

ತಾರೀಖನ್ನು ಯಾರೂ ಅಂದಾಜಿಗೆ ಬರೆಯುವುದಿಲ್ಲ. ಸರಕನ್ನು ಗೊತ್ತಾದ ಉಷ್ಣತೆ, ಗೊತ್ತಾದ ತೇವದಲ್ಲಿ ಇಟ್ಟು, ಆಗಾಗ ತೆಗೆದು ಪರೀಕ್ಷಿಸಿ ಲೆಕ್ಕ ಕಟ್ಟುತ್ತಾರೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ, ಆಹಾರ ಸಂಶೋಧನೆ ಮಾಡುವ ಸಿಎಫ್‌ಟಿಆರ್‌ಐಯಂಥ ಸಂಸ್ಥೆಗಳ ಕೆಲಸಗಳಲ್ಲಿ ಇದೂ ಒಂದು. ಇಂಥ ಪರೀಕ್ಷೆಗಳಲ್ಲಿ ಸರಕಿನ ಒಂದು ಕಂತು ಸಾಧಾರಣ ಹವೆಯಲ್ಲಿ, ಅಂದರೆ 27 ಡಿಗ್ರಿ, ಶೇ 65 ತೇವಾಂಶದಲ್ಲಿ ಇರುತ್ತದೆ. ಇನ್ನೊಂದು ಕಂತನ್ನು ಬೇಗ ಕೆಡಿಸಿ ನೋಡಲೆಂದೇ 38 ಡಿಗ್ರಿ, ಶೇ 90ರಲ್ಲಿ ಇಡುತ್ತಾರೆ.

ಈಗ ನಮ್ಮ ಆಷಾಢ ನೆನೆಸಿಕೊಳ್ಳಿ. ತೀರ್ಥಹಳ್ಳಿಯ ನಮ್ಮ ತವರಿನಲ್ಲಿ ಮಳೆ ಹಿಡಿದರೆ ಬೆಂಕಿಪೊಟ್ಟಣವೂ ಹೊತ್ತುವುದಿಲ್ಲ. ಬಿಸ್ಕತ್ತು ತೆರೆದ ಸಂಜೆಯೇ ಮೆತ್ತಗೆ, ಹಪ್ಪಳಕ್ಕೆ ಬೂಷ್ಟು, ಬೆಲ್ಲ ನೀರೊಡೆದು ತಳದಲ್ಲಿ ಪಾಕ. ತಂಗಿಯನ್ನು ಕೊಟ್ಟಿರುವುದು ರಾಯಚೂರಿಗೆ. ಅಲ್ಲಿ ಹಪ್ಪಳ, ಸಂಡಿಗೆ ವರ್ಷಗಟ್ಟಲೆ ಗರಿಗರಿ, ಆದರೆ ಏಪ್ರಿಲ್-ಮೇ ಬಿಸಿಲಿಗೆ ಎಣ್ಣೆ, ಗೋಡಂಬಿ, ಕಡಲೆಬೀಜ ಬಲು ಬೇಗ ಕಮಟು ವಾಸನೆ ಹಿಡಿಯುತ್ತವೆ. ಎರಡೂ ಮನೆಯ ಪೊಟ್ಟಣದ ಮೇಲೆ ಒಂದೇ ತಾರೀಖು, ಒಂದೇ ಸಾಲು: ತಂಪಾದ, ಒಣ ಜಾಗದಲ್ಲಿಡಿ. ಆ ಸಾಲನ್ನು ಪಾಲಿಸದೆ ತಾರೀಖನ್ನು ಮಾತ್ರ ನಂಬಿದರೆ ಆಗುವುದಿಲ್ಲ.

ಮಲೆನಾಡು, ಕರಾವಳಿಯವರು ಜೂನ್‌ಗೆ ಮುಂಚೆ ದೊಡ್ಡ ಪೊಟ್ಟಣ ಒಯ್ಯಬೇಡಿ, ಚಿಕ್ಕದನ್ನು ಮತ್ತೆ ಮತ್ತೆ ಒಯ್ಯಿರಿ. ಬಯಲುಸೀಮೆಯವರು ಬೇಸಿಗೆಯಲ್ಲಿ ಎಣ್ಣೆ ಕ್ಯಾನನ್ನು ಒಲೆ ಪಕ್ಕದಿಂದ ಎಬ್ಬಿಸಿ, ಕತ್ತಲೆಯ ಕೆಳಗಿನ ಕಪಾಟಿಗೆ ಕಳಿಸಿ. ಈಗ ಗಾಣದ ಎಣ್ಣೆಯ ಹುಚ್ಚು ಜೋರಾಗಿದೆ. ಒಳ್ಳೆಯದೇ, ಆದರೆ ಮಡ್ಡಿ ಉಳಿದ ಎಣ್ಣೆ ಹೆಚ್ಚು ದಿನ ಬಾಳುವುದಿಲ್ಲ. ತಿಂಗಳಿಗೆ ಬೇಕಾದಷ್ಟೇ ಒಯ್ಯಿರಿ.

4. ಹಾಲಿನ ತಾರೀಖು ತಂಪಿನ ಸರಪಳಿಗೆ ಕಟ್ಟಿದ್ದು

ಬೆಳಗಿನ ಜಾವ ಹಾಲಿನ ಕ್ರೇಟು ಇಳಿಸಿ ಹೋಗುತ್ತಾರೆ. ಅಂಗಡಿ ಬಾಗಿಲು ತೆರೆಯುವವರೆಗೆ ಅದು ಜಗಲಿಯ ಮೇಲೇ ಇದ್ದರೆ ಪೊಟ್ಟಣದ ಮೇಲಿನ ತಾರೀಖಿನಿಂದ ಒಂದು ದಿನ ಅಲ್ಲೇ ಕಳೆದುಹೋದ ಹಾಗೆ. ಪೊಟ್ಟಣದ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಕ್ಷಣ ತಣಿಸಿರುತ್ತಾರೆ. ರೋಗ ತರುವ ಜೀವಿಗಳು ಸಾಯುತ್ತವೆ, ಹುಳಿ ಮಾಡುವ ಕೆಲವು ಉಳಿಯುತ್ತವೆ. ಅವುಗಳನ್ನು ಸುಮ್ಮನಿರಿಸುವುದು ತಂಪೊಂದೇ. ಡೇಟು ಇದ್ದೂ ಹಾಲು ಒಡೆಯಿತು ಎಂದು ಬರುವವರ ಹತ್ತಿರ ನಾನು ಮೊದಲು ಕೇಳುವುದು, ಎಷ್ಟು ಹೊತ್ತಿಗೆ ತಂದಿರಿ, ಎಷ್ಟು ಹೊತ್ತಿಗೆ ಕಾಯಿಸಿದಿರಿ ಎಂದು. ತಂದ ಕೂಡಲೇ ಕಾಯಿಸಿ, ಆರಿಸಿ, ಫ್ರಿಜ್‌ನಲ್ಲಿಡುವ ನಮ್ಮ ಅಜ್ಜಿಯರ ಪದ್ಧತಿ ಇವತ್ತಿಗೂ ಸರಿಯಾದದ್ದೇ. ಕಾಯಿಸಿದ ಪಾತ್ರೆಗೆ ಹಸಿ ಹಾಲು ಬೆರೆಸಬೇಡಿ ಅಷ್ಟೇ.

ಮೊಸರಿನ ವಿಷಯ ಸಡಿಲ. ಹುಳಿಯೇ ಅದರ ಕಾವಲು. ಫ್ರಿಜ್‌ನಲ್ಲೇ ಇದ್ದ ಮೊಸರು ತಾರೀಖು ದಾಟಿ ಒಂದು ದಿನವಾಗಿ ಹುಳಿ ಬಂದಿದ್ದರೆ ನಮ್ಮಲ್ಲಿ ಮಜ್ಜಿಗೆ ಹುಳಿ ಆಗುತ್ತದೆ. ಮೇಲೆ ಗುಲಾಬಿಯೋ ಕಿತ್ತಳೆಯೋ ಬಣ್ಣ ಕಂಡರೆ, ನೂಲಿನ ಹಾಗೆ ಎಳೆ ಬಂದರೆ ಚೆಲ್ಲಿಬಿಡಿ.

5. ಮೂಗನ್ನು ನಂಬಿ, ಪೂರ್ತಿ ನಂಬಬೇಡಿ

ನಮ್ಮ ಅತ್ತೆ ಡಬ್ಬಿ ಮುಚ್ಚಳ ತೆಗೆದ ಕೂಡಲೇ ಹೇಳುತ್ತಿದ್ದರು: “ಮುಗ್ಗಿದೆ ಕಣೆ, ಬಿಸಿಲಿಗೆ ಹಾಕು.” ಹಿಟ್ಟು ಮುಗ್ಗಿದ್ದು, ಎಣ್ಣೆ ಕಮಟಿದ್ದು, ಸಾರು ಹಳಸಿದ್ದು ಮೂಗಿಗೆ ಮೊದಲು ಗೊತ್ತಾಗುತ್ತದೆ. ಇಂಥದ್ದಕ್ಕೆ ತಾರೀಖಿಗಿಂತ ಮೂಗೇ ವಾಸಿ.

ಆದರೆ ವಾಸನೆ ಬರಿಸುವ ಜೀವಿಗಳೇ ಬೇರೆ, ಹೊಟ್ಟೆ ಕೆಡಿಸುವ ಜೀವಿಗಳು ಎಷ್ಟೋ ಸಲ ಬೇರೆ. ಅನ್ನದ ಕಥೆ ನೋಡಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಾಮಾನ್ಯವಾಗಿ ಇರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಮೊಳೆತು, ಬೆಳೆದು, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಎಂಥದೆಂದರೆ ಬಾಣಲೆಗೆ ಹಾಕಿ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿದರೂ ಹೋಗುವುದಿಲ್ಲ. ಅನ್ನ ನೋಡಲು ಚೆನ್ನಾಗಿಯೇ ಇರುತ್ತದೆ, ವಾಸನೆಯೂ ಇರುವುದಿಲ್ಲ.

ಹಾಗೆಂದು ಬೆಳಗಿನ ಚಿತ್ರಾನ್ನ ಬಿಡಬೇಕಾಗಿಲ್ಲ. ಅದಕ್ಕೆ ಬೇಕಾದ ಅನ್ನವನ್ನು ರಾತ್ರಿ ಊಟಕ್ಕೆ ಕೂರುವ ಮುಂಚೆಯೇ ಎತ್ತಿಟ್ಟುಕೊಳ್ಳಿ. ಅಗಲ ತಟ್ಟೆಗೆ ಹರಡಿ, ಆವಿ ಹೋದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ಗೆ. ಬೇಯಿಸಿದ ಮೇಲೆ ಎರಡು ಗಂಟೆಯೊಳಗೆ ಇದಾಗಬೇಕು, ಬೇಸಿಗೆಯಲ್ಲಿ ಇನ್ನೂ ಬೇಗ. ಮರುದಿನ ಹೊಗೆಯಾಡುವಷ್ಟು ಬಿಸಿ ಮಾಡಿ ಮುಗಿಸಿ. ಪುಳಿಯೋಗರೆ ಬುತ್ತಿ ದಾರಿಗೆ ಕಟ್ಟಲು ಒದಗುವುದು ಹುಣಸೆಯ ಹುಳಿಯಿಂದ. ಬರಿ ಅನ್ನಕ್ಕೆ, ಪಲಾವ್‌ಗೆ, ತೆಂಗಿನಕಾಯಿ ಚಟ್ನಿಗೆ ಆ ಕಾವಲಿಲ್ಲ.

ಕಣ್ಣಿಗೆ ಕಾಣುವ ಇನ್ನೊಂದು ಗುರುತು ಉಬ್ಬು. ಡಬ್ಬಿಯಲ್ಲಿ ಬಂದ ಆಹಾರ, ಟೆಟ್ರಾ ಪೊಟ್ಟಣ ಉಬ್ಬಿದ್ದರೆ ತಾರೀಖು ಎಷ್ಟೇ ದೂರ ಇರಲಿ, ತೆರೆದು ರುಚಿ ನೋಡುವ ಸಾಹಸವೇ ಬೇಡ. ಇಡ್ಲಿ-ದೋಸೆ ಹಿಟ್ಟಿನ ಪೊಟ್ಟಣ ಉಬ್ಬುವುದು ಮಾತ್ರ ಹುದುಗಿನ ಗಾಳಿಯಿಂದ. ಅದಕ್ಕೆ ಗಾಬರಿ ಬೇಡ.

6. ಬೂಷ್ಟನ್ನು ಕೆರೆದು ತಿನ್ನಬೇಡಿ

ಬ್ರೆಡ್ಡಿನ ಮೂಲೆಯಲ್ಲಿ ಹಸಿರು ಚುಕ್ಕೆ ಕಂಡರೆ ಆ ಹೋಳನ್ನು ಮಾತ್ರ ಎಸೆದು ಉಳಿದದ್ದನ್ನು ಟೋಸ್ಟ್ ಮಾಡುವವರು ಬಹಳ. ಬ್ರೆಡ್ ಮೆತ್ತಗಿನದು, ಶಿಲೀಂಧ್ರದ ಎಳೆಗಳು ಕಾಣದೆಯೇ ಒಳಗೆ ಹರಡಿರುತ್ತವೆ. ಇಡೀ ಪೊಟ್ಟಣ ಹೋಗಲಿ. ಬ್ರೆಡ್ ಉಳಿಯಬೇಕೆಂದರೆ ಫ್ರಿಜ್‌ಗಿಂತ ಫ್ರೀಜರ್ ಮೇಲು. ಫ್ರಿಜ್‌ನಲ್ಲಿ ಬೂಷ್ಟು ನಿಧಾನ, ಆದರೆ ಬ್ರೆಡ್ ಬೇಗ ಬಿರುಸಾಗುತ್ತದೆ.

ನಾನು ಹೆಚ್ಚು ಹೆದರುವುದು ಕಡಲೆಬೀಜ ಮತ್ತು ಮೆಕ್ಕೆಜೋಳಕ್ಕೆ. ಇವು ತೇವಕ್ಕೆ ಸಿಕ್ಕರೆ ಬೆಳೆಯುವ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದರ ಏಟು ಬೀಳುವುದು ಯಕೃತ್ತಿಗೆ. 1974ರಲ್ಲಿ ರಾಜಸ್ಥಾನ-ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಹುರಿದರೆ ಆ ವಿಷ ಪೂರ್ತಿ ಹೋಗುವುದಿಲ್ಲ. ಸುಕ್ಕಿದ, ಕಪ್ಪಾದ, ಕಹಿ ಹೊಡೆಯುವ ಬೀಜವನ್ನು ಆರಿಸಿ ಹೊರಗೆ ಹಾಕಿ. ಬಾಯಿಗೆ ಹಾಕಿ ಕಹಿಯಾದರೆ ಉಗುಳಿ, ಸಂಕೋಚ ಬೇಡ. ಚಟ್ನಿಪುಡಿಗೆ ಹಾಕಿದರೆ ಗೊತ್ತಾಗುವುದಿಲ್ಲ ಎಂಬ ಉಳಿತಾಯದ ಬುದ್ಧಿ ಇಲ್ಲಿ ಬೇಡ.

7. ಇಡಿಯಾಗಿದ್ದರೆ ಆಯಸ್ಸು ಹೆಚ್ಚು, ಪುಡಿ ಮಾಡಿದರೆ ಕಡಿಮೆ

ಹಳೇ ಮೈಸೂರು ಕಡೆ ರಾಗಿಯನ್ನು ಹಗೇವಿನಲ್ಲಿ, ನೆಲದಡಿಯ ಗುಳಿಯಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ಬರಗಾಲದಲ್ಲಿ ತೆಗೆದು ಉಂಡರು. ಸಣ್ಣ ಕಾಳು, ಗಟ್ಟಿ ಹೊಟ್ಟು, ಹುಳಕ್ಕೂ ಸುಲಭಕ್ಕೆ ಬಗ್ಗದು. ಅದೇ ರಾಗಿಯನ್ನು ಬೀಸಿ ಹಿಟ್ಟು ಮಾಡಿದಿರೋ, ಒಳಗಿನ ಕೊಬ್ಬಿನಂಶ ಗಾಳಿಗೆ ಬಿದ್ದು ವಾಸನೆ, ಕಹಿ ಶುರು. ಸಜ್ಜೆಯದಂತೂ ಇನ್ನೂ ಅವಸರ. ಉತ್ತರ ಕರ್ನಾಟಕದ ಹೆಂಗಸರು ಸಜ್ಜೆಯನ್ನು ವಾರಕ್ಕಾಗುವಷ್ಟೇ ಗಿರಣಿಗೆ ಒಯ್ಯುವುದು ಅದಕ್ಕೇ. ಪೇಟೆಯಲ್ಲಿ ಸಿರಿಧಾನ್ಯದ ಹಿಟ್ಟಿನ ಪೊಟ್ಟಣ ಕೊಳ್ಳುವವರು ಎಕ್ಸ್‌ಪೈರಿಗಿಂತ ಪ್ಯಾಕ್ ಮಾಡಿದ ದಿನ ನೋಡಿ, ತೆರೆದ ಮೇಲೆ ಫ್ರಿಜ್‌ನಲ್ಲಿಡಿ.

ಮೆಣಸಿನಪುಡಿ, ದನಿಯಪುಡಿ, ಸಾರಿನಪುಡಿಗೂ ಇದೇ. ಹಳೆಯ ಪುಡಿ ಅಪಾಯವಲ್ಲ, ನಿಸ್ಸಾರ. ಬ್ಯಾಡಗಿಯ ವ್ಯಾಪಾರಿಗಳು ಮೆಣಸಿನಕಾಯಿಯನ್ನು ಶೀತಲ ಗೋದಾಮಿನಲ್ಲಿ ಇಡುವುದು ಕೆಂಪು ಮಾಸದಿರಲಿ ಎಂದು. ಮನೆಯಲ್ಲಿ ವರ್ಷದ ಪುಡಿ ಮಾಡಿಸುವವರು ತಿಂಗಳಿಗಾಗುವಷ್ಟು ಹೊರಗಿಟ್ಟು ಉಳಿದದ್ದನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರ್‌ನಲ್ಲಿಟ್ಟರೆ ಬಣ್ಣವೂ ಉಳಿಯುತ್ತದೆ, ಘಮವೂ ಉಳಿಯುತ್ತದೆ.

ಹುಳದ ಬಗ್ಗೆ ಒಂದು ಮಾತು. “ಡೇಟ್ ಇದೆ, ಪ್ಯಾಕ್ ಒಡೆದಿಲ್ಲ, ಹೆಸರುಕಾಳಿಗೆ ಕುಟ್ಟೆ ಬಿದ್ದಿದೆ, ಎಂಥಾ ಸಾಮಾನು ಕೊಡ್ತೀರಿ?” ಎಂದು ಜಗಳಕ್ಕೆ ಬರುತ್ತಾರೆ. ಬದಲಾಯಿಸಿ ಕೊಡುತ್ತೇನೆ. ಆದರೆ ಅಲಸಂದೆ, ಹೆಸರು, ಅವರೆಗೆ ಕುಟ್ಟೆ ಮೊಟ್ಟೆಯಿಡುವುದು ಹೊಲದಲ್ಲೇ, ಕಾಯಿಯ ಮೇಲೆ. ಕಾಳಿನೊಳಗೇ ಬೆಳೆದು ತೂತು ಕೊರೆದು ಹೊರಗೆ ಬರುತ್ತದೆ. ತಾರೀಖಿಗೆ ಇದರ ಸುಳಿವಿಲ್ಲ. ತಂದ ಕಾಳನ್ನು, ರವೆಯನ್ನು ಮೂರ್ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟು ತೆಗೆದರೆ ಮೊಟ್ಟೆ ಸಾಯುತ್ತದೆ. ತೆಗೆದ ಮೇಲೆ ಪೊಟ್ಟಣ ಬೆವರುವುದು ನಿಂತ ನಂತರವೇ ಡಬ್ಬಿಗೆ ಹಾಕಬೇಕು. ಫ್ರೀಜರ್‌ನಲ್ಲಿ ಜಾಗವಿಲ್ಲದವರಿಗೆ ಹಳೆಯ ದಾರಿ ಇದ್ದೇ ಇದೆ: ಕಾಳಿಗೆ ಬಿಸಿಲು, ಬೇಳೆಗೆ ಅಂಗೈಗೆ ಹತ್ತುವಷ್ಟು ಹರಳೆಣ್ಣೆ, ರವೆಗೆ ಹದವಾಗಿ ಹುರಿಯುವುದು. ಒಣಗಿದ ಬೇವಿನ ಸೊಪ್ಪು ಹಾಕುವುದಾದರೆ ಪೂರ್ತಿ ಒಣಗಿರಲಿ, ಹಸಿ ಎಲೆ ಹಾಕಿದರೆ ಅದೇ ತೇವ ಬೂಷ್ಟಿಗೆ ದಾರಿ.

8. ತಾರೀಖು ಇಲ್ಲದ ಪದಾರ್ಥಕ್ಕೆ ನೀವೇ ತಾರೀಖು

ಮಿಡಿ ಉಪ್ಪಿನಕಾಯಿ ಭರಣಿಯಲ್ಲಿ ವರ್ಷಗಳ ಕಾಲ ಇರುತ್ತದೆ. ಉಪ್ಪು ಅಳತೆಯಲ್ಲಿ ಇರಬೇಕು, ಮಿಡಿ ಉಪ್ಪುನೀರಿನಲ್ಲಿ ಮುಳುಗಿರಬೇಕು, ಒದ್ದೆ ಚಮಚ ಒಳಗೆ ಹೋಗಬಾರದು. ‘ಕಡಿಮೆ ಉಪ್ಪಿನ’ ಉಪ್ಪಿನಕಾಯಿಯನ್ನು ಹಾಗೆ ಹೊರಗಿಡಲು ಬರುವುದಿಲ್ಲ, ಅದರ ಜಾಗ ಫ್ರಿಜ್. ಮನೆಯ ತುಪ್ಪವನ್ನು ನೀರಿನಂಶ ಪೂರ್ತಿ ಹೋಗುವವರೆಗೆ ಕಾಯಿಸಿ ಒಣ ಡಬ್ಬಿಗೆ ಸೋಸಿದ್ದರೆ ತಿಂಗಳುಗಳ ಮಾತು. ಅವಸರದಲ್ಲಿ ಇಳಿಸಿದರೆ ತಳದಲ್ಲೇ ಹುಳಿ ವಾಸನೆ.

ಬಿಡಿ ಸಿಹಿತಿಂಡಿಗೂ ಈಗ ತಾರೀಖಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 2020ರ ಅಕ್ಟೋಬರ್ 1ರಿಂದ ಸ್ವೀಟ್ ಅಂಗಡಿಯ ಪ್ರತಿ ಟ್ರೇ ಮುಂದೆ ಎಷ್ಟು ದಿನದೊಳಗೆ ತಿನ್ನಬೇಕು ಎಂದು ಬರೆದಿಡಬೇಕು. ಕಾಣದಿದ್ದರೆ ಕೇಳಿ, ಅದು ನಿಮ್ಮ ಹಕ್ಕು. ಹಾಲು, ಛೇನಾದವು ಒಂದೆರಡು ದಿನದವು. ಚೆನ್ನಾಗಿ ಹುರಿದು ತೇವ ಕಳೆದ ಧಾರವಾಡದ ಪೇಢೆ ಮೆತ್ತನೆಯ ಬೆಳಗಾವಿ ಕುಂದಾಕ್ಕಿಂತ ಹೆಚ್ಚು ತಾಳುತ್ತದೆ. ಹಬ್ಬಕ್ಕೆ ಬಂದ ಡಬ್ಬಗಳನ್ನು ತೆರೆದು, ಖೋವಾದ್ದು ಮೊದಲು, ಬೇಸನ್ ಉಂಡೆ ಆಮೇಲೆ ಎಂದು ಸಾಲು ಮಾಡಿಕೊಳ್ಳಿ. ಡಬ್ಬ ತೆರೆಯದೆಯೇ ಇನ್ನೊಬ್ಬರ ಮನೆಗೆ ದಾಟಿಸುವ ಚಾಳಿ ನಮ್ಮಲ್ಲಿ ಇದೆಯಲ್ಲ, ದೀಪಾವಳಿಯ ಬರ್ಫಿ ನಾಲ್ಕು ಮನೆ ಸುತ್ತುವ ಹೊತ್ತಿಗೆ ಅದಕ್ಕೆ ವಾರ ಕಳೆದಿರುತ್ತದೆ.

ಮೊಟ್ಟೆಯನ್ನು ನೀರಿಗೆ ಹಾಕಿ ನೋಡುವ ಪರೀಕ್ಷೆ ವಯಸ್ಸು ಹೇಳುತ್ತದೆ, ಸುರಕ್ಷತೆ ಅಲ್ಲ. ತೇಲಿದರೆ ಹಳೆಯದು. ಮುಳುಗಿದರೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

9. ಫ್ರಿಜ್‌ನ ಬಾಗಿಲು ಹಾಲಿಗಲ್ಲ

ಕಂಪನಿಯವರು ಬಾಗಿಲಲ್ಲಿ ಬಾಟಲಿಗೆ ಜಾಗ ಕೊಟ್ಟಿದ್ದಾರೆಂದು ಹಾಲು ಅಲ್ಲಿಡುತ್ತೇವೆ. ಬಾಗಿಲೇ ಫ್ರಿಜ್‌ನಲ್ಲಿ ಅತಿ ಬೆಚ್ಚಗಿನ ಜಾಗ. ಅಲ್ಲಿ ಸಾಸ್, ಜಾಮ್, ನೀರು ಇರಲಿ. ಹಾಲು, ಪನೀರು ಒಳಗೆ ಹಿಂದಕ್ಕೆ. ಮೀನು-ಮಾಂಸ ತರುವವರು ತಳದ ಅಂಕಣದಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಇಡಿ, ಅದರ ನೀರು ಬೇರೆಯದರ ಮೇಲೆ ತೊಟ್ಟಿಕ್ಕಬಾರದು. ಒಳಗಿನ ತಂಪು 5 ಡಿಗ್ರಿ ದಾಟಬಾರದು.

ಕರೆಂಟು ಹೋದಾಗ ಬಾಗಿಲು ತೆರೆದು ತೆರೆದು ನೋಡಬೇಡಿ. ಮುಚ್ಚಿಯೇ ಇದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿರುತ್ತದೆ, ತುಂಬಿದ ಫ್ರೀಜರ್ ಎರಡು ದಿನದಷ್ಟು ತಾಳುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನವಿಡೀ ಕರೆಂಟಿಲ್ಲದ ಊರುಗಳಲ್ಲಿ ಪನೀರಿನ ಮೇಲಿನ ತಾರೀಖಿಗೆ ಬೆಲೆಯಿಲ್ಲ.

10. ಅಂಗಡಿಯ ಹಿಂದಿನ ಸಾಲಿಗೆ ಕೈ ಹಾಕಿ

ಇದನ್ನು ಅಂಗಡಿಯವಳೇ ಹೇಳುವುದು ವಿಚಿತ್ರ, ಆದರೂ ಹೇಳುತ್ತೇನೆ. ಹೊಸ ಮಾಲು ಬಂದಾಗ ನಾವು ಅದನ್ನು ಹಿಂದೆ ಜೋಡಿಸಿ ಹಳೆಯದನ್ನು ಮುಂದಕ್ಕೆ ಎಳೆಯುತ್ತೇವೆ. ಮೋಸವಲ್ಲ, ದಾಸ್ತಾನಿನ ಶಿಸ್ತು. ಇವತ್ತೇ ಬಳಸುವುದಾದರೆ ಮುಂದಿನದನ್ನು ತೆಗೆದುಕೊಳ್ಳಿ, ನಮಗೂ ಉಪಕಾರ. ಎರಡು ತಿಂಗಳು ಇಟ್ಟುಕೊಳ್ಳುವುದಾದರೆ ಹಿಂದಿನದು. ಅದೇ ಶಿಸ್ತು ಮನೆಯ ಕಪಾಟಿನಲ್ಲೂ ನಡೆಯಬೇಕು, ತಂದದ್ದು ಹಿಂದೆ, ಇದ್ದದ್ದು ಮುಂದೆ.

‘ಒಂದಕ್ಕೊಂದು ಉಚಿತ’ ಎಂದರೆ ಮೊದಲು ತಾರೀಖು ನೋಡಿ. ಮುಗಿಯುತ್ತಾ ಬಂದ ಮಾಲನ್ನು ಕಳೆಯುವ ಮಾಮೂಲು ದಾರಿ ಅದು. ತಿಂದು ಮುಗಿಸುವ ಜನ ಮನೆಯಲ್ಲಿದ್ದರೆ ಲಾಭವೇ. ಮೊಬೈಲಿನಲ್ಲಿ ತರಿಸುವವರಿಗೆ ಒಂದು ವಿಷಯ: ಬಾಗಿಲಿಗೆ ಬಂದಾಗ ಸರಕಿನ ಆಯಸ್ಸಿನಲ್ಲಿ ಶೇ 30ರಷ್ಟೋ, ಇಲ್ಲವೇ ಎಕ್ಸ್‌ಪೈರಿಗೆ 45 ದಿನವೋ ಉಳಿದಿರಬೇಕು ಎಂದು ಆಹಾರ ಸುರಕ್ಷತೆ ಪ್ರಾಧಿಕಾರ 2024ರಲ್ಲಿ ಆನ್‌ಲೈನ್ ಕಂಪನಿಗಳಿಗೆ ಸೂಚಿಸಿದೆ. ಚೀಲ ತಂದ ಹುಡುಗ ಹೋಗುವ ಮುಂಚೆ ತಾರೀಖು ನೋಡಿಬಿಡಿ.

ತಾರೀಖಿನ ಮೇಲೆ ಸ್ಟಿಕ್ಕರ್ ಅಂಟಿಸಿದ್ದು, ಶಾಯಿ ಒರೆಸಿದಂತಿದ್ದು, ಒಂದೇ ಪೊಟ್ಟಣದ ಮೇಲೆ ಎರಡು ಬಗೆಯ ಅಚ್ಚು ಕಂಡರೆ ತೆಗೆದುಕೊಳ್ಳಬೇಡಿ. ತಂದಾಗಿದ್ದರೆ ಬಿಲ್ಲು ಇಟ್ಟುಕೊಂಡು ಫೋಟೊ ತೆಗೆಯಿರಿ, ಪೊಟ್ಟಣದ ಮೇಲಿನ 14 ಅಂಕಿಯ ಪರವಾನಗಿ ಸಂಖ್ಯೆ ಗುರುತು ಹಾಕಿಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

11. ಮಕ್ಕಳು, ಬಸುರಿ, ವಯಸ್ಸಾದವರಿಗೆ ರಿಯಾಯಿತಿ ಇಲ್ಲ

ಮೇಲೆ ನಾನು ಕೊಟ್ಟ ಸಡಿಲಗಳೆಲ್ಲ ಗಟ್ಟಿಮುಟ್ಟಾದ ಹೊಟ್ಟೆಯವರಿಗೆ. ಹಸುಗೂಸಿನ ಹಾಲಿನಪುಡಿ ತಾರೀಖು ದಾಟಿದರೆ ಒಂದು ಚಮಚವೂ ಬೇಡ. ಅದರಲ್ಲಿ ಜೀವಸತ್ವಗಳು ಲೆಕ್ಕಹಾಕಿ ಹಾಕಿದ್ದು, ಮಗುವಿಗೆ ಅದೇ ಊಟ. ತೆರೆದ ಡಬ್ಬಿ ಸಾಮಾನ್ಯವಾಗಿ ಒಂದು ತಿಂಗಳಿಗೆ. ಕಲಸಿಟ್ಟು ಉಳಿದ ಹಾಲು ಚೆಲ್ಲುವುದೇ. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸುವುದು ಎಷ್ಟೇ ತಾಜಾ ಇದ್ದರೂ ಬೇಡ. ಸಕ್ಕರೆ ಕಾಯಿಲೆಯವರು, ಕಿಮೋ ಆಗುತ್ತಿರುವವರು ಇರುವ ಮನೆಯಲ್ಲಿ ನಿನ್ನೆಯ ಸಾಂಬಾರಿನ ಚೌಕಾಸಿ ಅವರ ತಟ್ಟೆಯ ಹತ್ತಿರ ನಡೆಯಬಾರದು.

12. ಕಳೆಯುವುದಕ್ಕೂ ಕ್ರಮವಿದೆ

ತಾರೀಖು ಮುಗಿದ ಬಿಸ್ಕತ್ತು, ಹಾಲಿನಪುಡಿಯನ್ನು “ಪಾಪ, ತಿನ್ನಲಿ” ಎಂದು ಮನೆಗೆಲಸದವರ ಕೈಗೆ ಇಡುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಕೊಡುವ ಮನಸ್ಸಿದ್ದರೆ ತಾರೀಖಿಗೆ ಎರಡು ವಾರ ಮುಂಚೆ ಕೊಡಿ, ತಾರೀಖು ತೋರಿಸಿ ಕೊಡಿ. ತಿಂಗಳಿಗೊಮ್ಮೆ ಸಾಮಾನಿನ ಪಟ್ಟಿ ಬರೆಯುವ ದಿನವೇ ಕಪಾಟು ಇಣುಕಿದರೆ ಇಂಥದ್ದು ಮೊದಲೇ ಸಿಗುತ್ತದೆ.

ಎಸೆಯುವ ಪೊಟ್ಟಣವನ್ನು ಕತ್ತರಿಸಿ ಎಸೆಯಿರಿ, ಡಬ್ಬಿಯ ಲೇಬಲ್ ಕಿತ್ತುಬಿಡಿ, ಇಲ್ಲದಿದ್ದರೆ ಅದನ್ನೇ ಮತ್ತೆ ತುಂಬುವವರಿದ್ದಾರೆ. ಕಮಟಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಹಳೆಯ ಕಾಗದಕ್ಕೆ ಹೀರಿಸಿ ಕಸಕ್ಕೆ ಹಾಕಿ. ಹುಳ ಹಿಡಿದ ಹಿಟ್ಟು, ರುಚಿ ಹೋದ ಪುಡಿ ಗೊಬ್ಬರದ ಗುಂಡಿಗೆ ಆದೀತು. ಬೂಷ್ಟು ಹಿಡಿದ ಕಡಲೆಬೀಜ, ಹಿಂಡಿ, ಮೆಕ್ಕೆಜೋಳವನ್ನು ಮಾತ್ರ ಹೇಗೂ ದನ ತಿನ್ನುತ್ತದೆ ಎಂದು ಕೊಟ್ಟಿಗೆಗೆ ಒಯ್ಯಬೇಡಿ. ಹಸು ತಿಂದ ಅಫ್ಲಾಟಾಕ್ಸಿನ್‌ನ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಆ ಹಾಲನ್ನು ಎಷ್ಟು ಕಾಯಿಸಿದರೂ ಅದು ಹೋಗುವುದಿಲ್ಲ.